ಕೈ ಹಿಡಿದು ಎಳೆಯಬೇಡಿ: ಪಾರ್ಕಿನ್ಸನ್ ಇರುವವರ ನಡಿಗೆಯ ಬಗ್ಗೆ ಗುಜರಾತಿನ ಕನ್ನಡ ಮನೆಗಳಿಗೆ ಸೂಚನೆ

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆದಿದೆ. ಕಾರ್ಖಾನೆ, ಬ್ಯಾಂಕು, ಹೋಟೆಲು ಎಂದು ದಶಕಗಳ ಹಿಂದೆ ಬಂದವರಿಗೆ ಇಲ್ಲೇ ವಯಸ್ಸಾಗಿದೆ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರೂ ಇದ್ದಾರೆ. ಅಂಥ ಮನೆಯಲ್ಲಿ ಯಾರಿಗಾದರೂ ಪಾರ್ಕಿನ್ಸನ್ ಇದ್ದರೆ ಕೈ ನಡುಕದ ಚಿಂತೆಗಿಂತ ಮೊದಲು ಅವರ ನಡಿಗೆಯನ್ನು ನೋಡಿ. ನಡುಕ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅದರಿಂದ ಸೊಂಟದ ಮೂಳೆ ಮುರಿಯುವುದಿಲ್ಲ. ಬಿದ್ದಾಗ ಮುರಿಯುತ್ತದೆ.

ಮೊದಲು ಇದು ಗೊತ್ತಿರಲಿ

ಮಿದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳಿವೆ. ನಾವು ಯೋಚಿಸದೆಯೇ ಕೈ ಬೀಸುತ್ತ, ಹೆಜ್ಜೆ ಹಾಕುತ್ತ, ತಿರುಗುತ್ತ ಹೋಗುವುದರಲ್ಲಿ ಅವುಗಳ ಪಾಲು ದೊಡ್ಡದು. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ನಶಿಸುತ್ತ ಹೋಗುತ್ತವೆ. ಲಕ್ಷಣ ಕಾಣಿಸುವ ಹೊತ್ತಿಗೆ ಸುಮಾರು ಅರ್ಧದಷ್ಟಾದರೂ ಹೋಗಿರುತ್ತವೆ. ಇದು ಕಾಲಿನ ಬಲ ಕುಂದುವ ಕಾಯಿಲೆಯಲ್ಲ. ತಾನಾಗಿ ಸಾಗುತ್ತಿದ್ದ ನಡಿಗೆ ತಾನಾಗಿ ಸಾಗದಂತಾಗುತ್ತದೆ. ಮನಸ್ಸಿಟ್ಟರೆ ಹೆಜ್ಜೆ ಉದ್ದ ಬರುತ್ತದೆ, ಮನಸ್ಸು ಬೇರೆಡೆ ಹೋದ ಕೂಡಲೇ ಗಿಡ್ಡವಾಗುತ್ತದೆ. ಕೆಳಗೆ ಹೇಳಿರುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಶುರುವಿನಲ್ಲಿ ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಒಂದು ಕಾಲಿನ ಚಪ್ಪಲಿ ನೆಲ ಉಜ್ಜುವ ಸದ್ದು ಕೇಳುತ್ತದೆ. ಭುಜ ಹಿಡಿದುಕೊಂಡಿದೆ ಎಂದು ತಿಂಗಳುಗಟ್ಟಲೆ ಮೂಳೆ ವೈದ್ಯರಲ್ಲಿಗೆ ಅಲೆಯುವವರೂ ಇದ್ದಾರೆ. ಬರಬರುತ್ತ ಬೆನ್ನು ಬಾಗುತ್ತದೆ, ತಿರುಗುವಾಗ ತಲೆ, ಎದೆ, ಸೊಂಟ ಒಟ್ಟಿಗೇ ತಿರುಗುತ್ತವೆ. ಹೆಜ್ಜೆಗಳು ಚಿಕ್ಕದಾಗಿ, ಒಂದರ ಹಿಂದೆ ಒಂದು ಧಾವಿಸುತ್ತವೆ. ಮೈ ಮುಂದಕ್ಕೆ ಬಾಗಿ ನಡಿಗೆ ಓಟವಾಗುವ ಈ ಲಕ್ಷಣವನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಬರೆದಿಟ್ಟಿದ್ದಾರೆ. ಇವನ್ನು ಕಂಡು ‘ವಯಸ್ಸಾಯಿತಲ್ಲ, ಹಾಗೇ’ ಎಂದು ಸುಮ್ಮನಾಗಬೇಡಿ. ನರರೋಗ ತಜ್ಞರಿಗೆ ತೋರಿಸಿ.

ಕಾಲು ನೆಲಕ್ಕೆ ಕಚ್ಚಿಕೊಂಡಾಗ

ಬಾಗಿಲ ಬಳಿ, ಲಿಫ್ಟಿನ ಮುಂದೆ, ತಿರುಗುವ ಜಾಗದಲ್ಲಿ, ಎದ್ದು ಮೊದಲ ಹೆಜ್ಜೆ ಇಡುವಾಗ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಹೋಗಬೇಕೆಂಬ ಮನಸ್ಸಿದೆ, ಕಾಲು ಏಳುವುದಿಲ್ಲ. ಇದು ಹಟವಲ್ಲ, ಸೋಮಾರಿತನವಲ್ಲ, ನಾಟಕವಂತೂ ಅಲ್ಲ. ಹಾಗೆ ಅನ್ನುವವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರಿಗೆ ತಿಳಿಹೇಳಿ.

ಮಾಡಬಾರದ್ದು: ಕೈ ಹಿಡಿದು ಮುಂದಕ್ಕೆ ಎಳೆಯಬೇಡಿ. ಎಳೆದರೆ ಎದೆ ಮುಂದೆ ಬರುತ್ತದೆ, ಪಾದ ಇದ್ದಲ್ಲೇ ಇರುತ್ತದೆ, ಮುಖ ಅಡಿಯಾಗಿ ಬೀಳುತ್ತಾರೆ. ನಿಮ್ಮನ್ನೂ ಕೆಡವಿಕೊಂಡು ಬೀಳಬಹುದು. ಹಿಂದಿನಿಂದ ತಳ್ಳಬೇಡಿ. ‘ಬೇಗ ಬೇಗ’, ‘ಲಿಫ್ಟ್ ಹೋಗಿಬಿಡುತ್ತೆ’, ‘ಹಿಂದೆ ಜನ ನಿಂತಿದ್ದಾರೆ’ ಎನ್ನಬೇಡಿ. ಅವಸರಿಸಿದಷ್ಟೂ ಕಾಲು ಇನ್ನಷ್ಟು ಬಿಗಿಯುತ್ತದೆ. ಮಗ ಒಂದು, ಸೊಸೆ ಒಂದು, ಮೊಮ್ಮಗ ಒಂದು ಹೇಳುವುದೂ ಬೇಡ. ಒಬ್ಬರೇ ಮಾತಾಡಿ.

ಮಾಡಬೇಕಾದ್ದು: ಮೊದಲು ಪೂರ್ತಿ ನಿಲ್ಲಲಿ. ಕಾಲು ಕಚ್ಚಿಕೊಂಡಾಗ ಮತ್ತೆ ಮತ್ತೆ ಪ್ರಯತ್ನಿಸುವುದರಿಂದಲೇ ಬೀಳುವುದು ಹೆಚ್ಚು. ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಲಿ. ದೇಹದ ಭಾರವನ್ನು ನಿಧಾನವಾಗಿ ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ ತರಲಿ. ಆಮೇಲೆ ‘ಒಂದು, ಎರಡು, ಮೂರು’ ಎಂದು ಎಣಿಸಿ, ಹಿಮ್ಮಡಿ ಮೊದಲು ನೆಲಕ್ಕೆ ತಾಗುವಂತೆ ಒಂದೇ ಒಂದು ದೊಡ್ಡ ಹೆಜ್ಜೆ ಹಾಕಲಿ. ಆಗಲೂ ಬಾರದಿದ್ದರೆ ಅವರ ಪಕ್ಕಕ್ಕೆ ನಿಂತು, ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡವಾಗಿ ಇಟ್ಟು ‘ಇದನ್ನು ದಾಟಿ’ ಎನ್ನಿ. ಸಮನೆಲದ ಮೇಲೆ ಏಳದ ಕಾಲು, ದಾಟಬೇಕಾದ ಒಂದು ಗುರುತು ಕಂಡೊಡನೆ ಅನೇಕರಲ್ಲಿ ಎದ್ದುಬಿಡುತ್ತದೆ. ಕಣ್ಣಿನ ಮೂಲಕ ಬರುವ ಸೂಚನೆ ಮಿದುಳಿನಲ್ಲಿ ಬೇರೊಂದು ದಾರಿ ಹಿಡಿಯುವುದರಿಂದ ಹೀಗಾಗುತ್ತದೆ.

ಇದನ್ನೇ ಮನೆಯಲ್ಲಿ ಕಾಯಂ ಮಾಡಿಕೊಳ್ಳಿ. ಕಾಲು ನಿಲ್ಲುವ ಜಾಗಗಳು ಸಾಮಾನ್ಯವಾಗಿ ದಿನವೂ ಅವೇ: ಬಚ್ಚಲಿನ ಬಾಗಿಲು, ಅಡುಗೆಮನೆಯ ತಿರುವು, ಮಂಚದ ಪಕ್ಕ. ಅಲ್ಲಿ ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪನ್ನು ಅಡ್ಡಪಟ್ಟೆಗಳಾಗಿ, ಸುಮಾರು ಒಂದೂವರೆ ಅಡಿಗೊಂದರಂತೆ ಅಂಟಿಸಿ. ಎತ್ತರಕ್ಕೆ ತಕ್ಕಂತೆ ಅಂತರವನ್ನು ಫಿಜಿಯೋಥೆರಪಿಸ್ಟ್ ತಿದ್ದಿಕೊಡಲಿ. ಪುಣೆಯಿಂದ ನೆದರ್‌ಲ್ಯಾಂಡ್ಸಿಗೆ ಓದಲು ಹೋದ ವಿನ್ಯಾಸಕಿ ಮಿಲೇಹಾ ಸೋನೆಜಿ, ಪಾರ್ಕಿನ್ಸನ್ ಇದ್ದ ತಮ್ಮ ಚಿಕ್ಕಪ್ಪ ಸಮನೆಲದಲ್ಲಿ ತಡವರಿಸಿದರೂ ಮೆಟ್ಟಿಲನ್ನು ಸಲೀಸಾಗಿ ಇಳಿಯುವುದನ್ನು ಗಮನಿಸಿದರು. ನೆಲದ ಮೇಲೆ ಮೆಟ್ಟಿಲಿನಂತೆ ಕಾಣುವ ಚಿತ್ರ ಹಾಸಿ ಅವರನ್ನು ನಡೆಸಿದರು. 2015ರ ಉಪನ್ಯಾಸವೊಂದರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಖರ್ಚು ಕೇಳಿದರೆ ಒಂದು ಚಿತ್ರಪಟದ್ದು ಅಷ್ಟೇ.

ನಡೆಯುವಾಗ ನಡೆಯುವುದೊಂದೇ

ನಡೆಯುತ್ತಿರುವವರನ್ನು ಮಾತಿಗೆ ಎಳೆಯಬೇಡಿ. ಚಹಾದ ತಟ್ಟೆ, ನೀರಿನ ಚೊಂಬು, ಬಟ್ಟೆಯ ರಾಶಿ ಅವರ ಕೈಗೆ ಕೊಡಬೇಡಿ. ಫೋನ್ ಬಂದರೆ ನಿಂತು, ಸಾಧ್ಯವಾದರೆ ಕುಳಿತು ಮಾತಾಡಲಿ. ಹಿಂದಿನಿಂದ ಹೆಸರು ಹಿಡಿದು ಕೂಗಲೇಬೇಡಿ. ಗಕ್ಕನೆ ಹಿಂದಿರುಗಿ ನೋಡುವುದು ಬೀಳಲು ದೊಡ್ಡ ಕಾರಣ.

ತಿರುಗುವಾಗ ಇದ್ದಲ್ಲೇ ಪಾದ ತಿರುಚಬಾರದು. ಜಾಗವಿದ್ದರೆ ಅರ್ಧವೃತ್ತದಲ್ಲಿ ನಡೆದು ತಿರುಗಲಿ. ಇಕ್ಕಟ್ಟಾದ ಅಡುಗೆಮನೆಯಲ್ಲಾದರೆ ಕಟ್ಟೆ ಹಿಡಿದು, ಪ್ರತಿ ಸಲವೂ ಪಾದ ಎತ್ತಿ ಇಟ್ಟು ನಾಲ್ಕೈದು ಹೆಜ್ಜೆಯಲ್ಲಿ ತಿರುಗಲಿ.

ತಾಳ ಒಳ್ಳೆಯ ಊರುಗೋಲು. 1996ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೈಕೆಲ್ ಥಾಟ್ ಅವರ ತಂಡ ಪಾರ್ಕಿನ್ಸನ್ ಇದ್ದವರನ್ನು ಮೂರು ವಾರ, ದಿನಕ್ಕೆ ಅರ್ಧ ಗಂಟೆ ಸಂಗೀತದ ತಾಳಕ್ಕೆ ನಡೆಸಿತು. ಅವರ ನಡಿಗೆಯ ವೇಗ ಕಾಲುಭಾಗದಷ್ಟು ಹೆಚ್ಚಿತು, ಹೆಜ್ಜೆಯೂ ಉದ್ದವಾಯಿತು. ಮೊದಲು ನಿಮ್ಮವರು ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆ ಎಣಿಸಿ. ಅದೇ ಗತಿಯ ಭಜನೆಯನ್ನೋ ಕೋಲಾಟದ ಹಾಡನ್ನೋ ಆರಿಸಿ. ಫೋನಿನಲ್ಲಿ ಮೆಟ್ರೊನೋಮ್ ಹಾಕಿದರೂ ಆಯಿತು. ಅವರಿಗಿಂತ ಬಹಳ ವೇಗದ ಹಾಡು ಹಾಕಬೇಡಿ, ಹೆಜ್ಜೆ ಉದ್ದವಾಗುವ ಬದಲು ಧಾವಿಸುತ್ತದೆ.

ಮನೆಯೊಳಗೆ

ಗುಜರಾತಿನ ಮನೆಗಳಲ್ಲಿ ತೂಗುಯ್ಯಾಲೆ ಇದ್ದೇ ಇರುತ್ತದೆ, ನಮ್ಮವರೂ ಹಾಕಿಸಿಕೊಂಡಿದ್ದಾರೆ. ಪಾರ್ಕಿನ್ಸನ್ ಇರುವವರು ಒಬ್ಬರೇ ಅದರ ಮೇಲೆ ಕೂರಬಾರದು, ಅದರಿಂದ ಏಳಲೂಬಾರದು. ಕೂರುವ ಹೊತ್ತಿಗೆ ಮಣೆ ಹಿಂದಕ್ಕೆ ಸರಿಯುತ್ತದೆ, ಏಳುವ ಹೊತ್ತಿಗೆ ಮಂಡಿಯ ಹಿಂದೆ ಹೊಡೆಯುತ್ತದೆ. ಕೂರಲೇಬೇಕೆಂದರೆ ಒಬ್ಬರು ಸರಪಳಿ ಹಿಡಿದು ಮಣೆಯನ್ನು ನಿಲ್ಲಿಸಿರಬೇಕು. ಮೆತ್ತನೆಯ ತಗ್ಗು ಸೋಫಾ ಸಹ ಬೇಡ. ಕೈಗಳಿರುವ, ಗಟ್ಟಿಯಾದ, ಎತ್ತರದ ಕುರ್ಚಿ ಕೊಡಿ.

ಕುರ್ಚಿಯಿಂದ ಏಳುವಾಗ ಕೈ ಹಿಡಿದೆಳೆದು ಎಬ್ಬಿಸಬೇಡಿ. ಅವರು ಮೊದಲು ಅಂಚಿಗೆ ಸರಿಯಲಿ, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ, ಎಣಿಸಿ ಏಳಲಿ. ಎದ್ದ ಕೂಡಲೇ ಹೊರಡಬಾರದು. ಈ ಕಾಯಿಲೆಯಲ್ಲಿ, ಅದರ ಮಾತ್ರೆಯಿಂದಲೂ, ನಿಂತಾಗ ರಕ್ತದೊತ್ತಡ ಇಳಿಯುವುದುಂಟು. ಹಾಸಿಗೆಯಿಂದ ಏಳುವಾಗ ಒಂದೆರಡು ನಿಮಿಷ ಅಂಚಿನಲ್ಲಿ ಕೂರುವುದು ಕಡ್ಡಾಯ.

ಕಾಲೊರಸು, ಸಡಿಲ ಚಾಪೆ, ನೆಲದ ಮೇಲೆ ಹರಿದ ಚಾರ್ಜರ್ ವೈರು ತೆಗೆದುಹಾಕಿ. ಬಚ್ಚಲಿನಲ್ಲಿ ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಹಿಡಿಕಂಬಿ ಹಾಕಿಸಿ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ರಾತ್ರಿ ಮಂಚದಿಂದ ಶೌಚಾಲಯದವರೆಗೆ ಸಣ್ಣ ದೀಪ ಉರಿಯುತ್ತಿರಲಿ. ನೆಲಕ್ಕೆ ತಾಗುವ ಪಂಚೆ, ಪೈಜಾಮ, ನೈಟಿ ಗಿಡ್ಡ ಮಾಡಿಸಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಕೊಡಿ. ಅಡಿ ಅತಿಯಾಗಿ ಹಿಡಿಯುವ ರಬ್ಬರಿನದಾಗಿದ್ದರೆ ಎಳೆಯುವ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೋಡಿ ತನ್ನಿ.

ವಾಕರನ್ನು ಅಂಗಡಿಯಿಂದ ನೀವೇ ತಂದು ಕೈಗೆ ಕೊಡಬೇಡಿ. ಎತ್ತಿ ಎತ್ತಿ ಇಡುವ ವಾಕರು ಹೆಜ್ಜೆಯ ಲಯವನ್ನು ಪ್ರತಿ ಸಲವೂ ಮುರಿಯುತ್ತದೆ, ಕೆಲವರು ಅದನ್ನು ಎತ್ತುವಾಗಲೇ ಹಿಂದಕ್ಕೆ ಬೀಳುತ್ತಾರೆ. ಯಾವುದು ಹೊಂದುತ್ತದೆ ಎಂದು ಫಿಜಿಯೋಥೆರಪಿಸ್ಟ್ ನಡೆಸಿ ನೋಡಿ ಹೇಳಬೇಕು. ಅಹಮದಾಬಾದಿನ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆ, ಮೂರರಲ್ಲೂ ಫಿಜಿಯೋಥೆರಪಿ ವಿಭಾಗವಿದೆ. ಬಿದ್ದ ಮೇಲೆ ಹೋಗುವುದಲ್ಲ, ಕಾಯಿಲೆ ಗೊತ್ತಾದ ತಿಂಗಳಲ್ಲೇ ಹೋಗಿ. ವ್ಯಾಯಾಮವನ್ನು ಬೇಗ ಶುರು ಮಾಡಿದಷ್ಟೂ ನಡಿಗೆ ಹೆಚ್ಚು ಕಾಲ ಉಳಿಯುತ್ತದೆ. ವಾರಕ್ಕೆ 150 ನಿಮಿಷ ಗುರಿಯಿರಲಿ. ನಡೆಯಲು ತೀರ ಕಷ್ಟಪಡುವವರು ಸೈಕಲ್ ತುಳಿಯಬಲ್ಲರು ಎಂಬುದನ್ನು ಡಚ್ ನರರೋಗ ತಜ್ಞ ಬಾಸ್ತಿಯಾನ್ ಬ್ಲೂಮ್ 2010ರಲ್ಲಿ 58 ವರ್ಷದ ರೋಗಿಯೊಬ್ಬರ ಮೂಲಕ ತೋರಿಸಿದರು. ಆದ್ದರಿಂದ ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು. ಇಲ್ಲಿನ ರಸ್ತೆಯಲ್ಲಿ ಸೈಕಲ್ ಬೇಡ.

ಮಾತ್ರೆಯ ಹೊತ್ತು

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ಹೊತ್ತು ತಪ್ಪಿದರೆ ನಡಿಗೆ ತಪ್ಪುತ್ತದೆ. ಫೋನಿನಲ್ಲಿ ಅಲಾರಂ ಇಡಿ. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಬೇಕು. ಬೇಳೆ, ಮೊಸರು, ಪನೀರು, ಮೀನು, ಮೊಟ್ಟೆಯಲ್ಲಿರುವ ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾಕ್ಕೆ ಅಡ್ಡ ಬರುತ್ತದೆ. ಮಜ್ಜಿಗೆಯ ಜೊತೆ ಮಾತ್ರೆ ನುಂಗುವ ರೂಢಿಯಿದ್ದರೆ ಬಿಡಿ, ನೀರಿನಲ್ಲೇ ನುಂಗಲಿ. ಹೊಟ್ಟೆ ತೊಳಸಿದರೆ ಒಂದು ಬಾಳೆಹಣ್ಣು ಸಾಕು. ಹಾಗೆಂದು ಬೇಳೆ, ಮೊಸರು ಪೂರ್ತಿ ನಿಲ್ಲಿಸಬೇಡಿ, ಮೈ ಸೊರಗುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ.

ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು. ತೀವ್ರ ಜ್ವರ, ಮೈ ಸೆಟೆಯುವಿಕೆ, ಪ್ರಜ್ಞೆ ಕದಡುವಿಕೆ ಬಂದು ಜೀವಕ್ಕೇ ಕುತ್ತಾಗಬಹುದು. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದಾಗಲೂ ‘ಈ ಮಾತ್ರೆ ಈ ಹೊತ್ತಿಗೇ ಆಗಬೇಕು’ ಎಂದು ವಾರ್ಡಿನ ನರ್ಸಿಗೆ ಬರೆದುಕೊಡಿ. ನೆರೆಯಿಂದಲೂ ಮಾತ್ರೆ ಸಿಗದೆ ನಿಲ್ಲಬಹುದು: ಸೂರತ್ 2006ರ ಆಗಸ್ಟಿನಲ್ಲಿ ತಾಪಿಯ ನೆರೆಯಲ್ಲಿ ಮುಳುಗಿತು. ವಡೋದರಾಕ್ಕೆ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ನುಗ್ಗಿ ಜನರಿಗೆ ಮನೆಯಿಂದ ಹೊರಬರಲಾಗಲಿಲ್ಲ. ಮಳೆಗಾಲದಲ್ಲಿ ಕನಿಷ್ಠ ಹದಿನೈದು ದಿನದ ಮಾತ್ರೆ, ಚೀಟಿಯ ಜೊತೆ, ನೀರು ಹೋಗದ ಚೀಲದಲ್ಲಿ ಎತ್ತರದ ಕಪಾಟಿನಲ್ಲಿರಲಿ.

ತಲೆಸುತ್ತಿಗೆ, ವಾಂತಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ತರಬೇಡಿ. ಸಿನರಿಜಿನ್, ಫ್ಲೂನರಿಜಿನ್, ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇವು ನಾಲ್ಕೂ ಪಾರ್ಕಿನ್ಸನ್ ನಡಿಗೆಯನ್ನು ಕೆಡಿಸುತ್ತವೆ. ಕಾಯಿಲೆ ಇಲ್ಲದವರಲ್ಲೂ ಅದೇ ಲಕ್ಷಣ ತರಬಲ್ಲವು. ಯಾವ ವೈದ್ಯರಲ್ಲಿಗೆ ಹೋದರೂ ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಿ.

ಚಳಿಗಾಲ ಬಂತೆಂದರೆ ಗುಜರಾತಿನ ಅಂಗಡಿಗಳಲ್ಲಿ ಕೌಚಾ ಪಾಕ್ ಇರುತ್ತದೆ. ಕೌಚಾ ಎಂದರೆ ನಮ್ಮ ನಸುಗುನ್ನಿ. ಅದರ ಬೀಜದಲ್ಲಿ ಲೆವೊಡೋಪಾ ಇದೆ, 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಆದ್ದರಿಂದಲೇ ಅದನ್ನು ಗುಟ್ಟಾಗಿ ಕೊಡಬಾರದು. ಮಾತ್ರೆಯ ಮೇಲೆ ಅದೂ ಸೇರಿದರೆ ಪ್ರಮಾಣ ಮೀರಿ ಮೈ ತಾನಾಗಿ ತಿರುಚಾಡುತ್ತದೆ, ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಬೇಕೆನಿಸಿದರೆ ನರರೋಗ ತಜ್ಞರ ಮುಂದೆ ಆ ಡಬ್ಬವನ್ನೇ ಇಟ್ಟು ಕೇಳಿ.

ಬೀದಿ, ಬಸ್ಸು, ಬಿಸಿಲು

ಮಾತ್ರೆ ಹಿಡಿದು ಮೈ ಹಗುರಾದ ಹೊತ್ತಿನಲ್ಲಿ ಹೊರಗೆ ಕರೆದೊಯ್ಯಿರಿ. ಸಾಬರಮತಿ ರಿವರ್‌ಫ್ರಂಟಿನ ಅಗಲ ದಾರಿ, ವಡೋದರಾದ ಸಯಾಜಿ ಬಾಗ್ ಬೆಳಗಿನ ನಡಿಗೆಗೆ ಚೆನ್ನ. ರಿವರ್‌ಫ್ರಂಟಿನಲ್ಲಿ ನೀರಿನ ಅಂಚು ಬಿಟ್ಟು ಗೋಡೆಯ ಕಡೆ ನಡೆಸಿ. ಸೂರತ್‌ನವರು ಡುಮಸ್‌ನ ಮರಳಿನಲ್ಲಿ ನಡೆಸಬೇಡಿ. ಅಹಮದಾಬಾದಿನ ಹಳೆಯ ಪೋಳ್‌ಗಳ ಇಕ್ಕಟ್ಟು ಓಣಿ, ಸಂಜೆಯ ಮಾಣೆಕ್ ಚೌಕ್ ಜನಜಂಗುಳಿ ಕಾಲು ಕಚ್ಚಿಕೊಳ್ಳಲು ಹೇಳಿ ಮಾಡಿಸಿದ ಜಾಗಗಳು, ಅಲ್ಲಿಗೆ ಬೇಡ.

ಬಿ.ಆರ್.ಟಿ.ಎಸ್. ಬಸ್ಸಿನ ಬಾಗಿಲು ತೆರೆದಿರುವುದು ಸ್ವಲ್ಪ ಹೊತ್ತು. ಆ ಅವಸರದಲ್ಲೇ ಕಾಲು ನಿಲ್ಲುತ್ತದೆ. ಈ ಬಸ್ಸು ತಪ್ಪಿದರೆ ಮುಂದಿನದು ಬರುತ್ತದೆ, ಬಿಡಿ. ಎಸ್ಕಲೇಟರ್ ಹತ್ತಿಸಬೇಡಿ. ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರಿಸಬೇಡಿ. ರಿಕ್ಷಾಕ್ಕೆ ಮೊದಲು ಬೆನ್ನು ತಿರುಗಿಸಿ ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಲಿ. ಕನ್ನಡವಷ್ಟೇ ಬರುವ ಹಿರಿಯರ ಜೇಬಿನಲ್ಲಿ ಗುಜರಾತಿ ಲಿಪಿಯಲ್ಲಿ ಒಂದು ಚೀಟಿ ಇರಲಿ: ‘ಮನೆ ಕಂಪವಾ ಛೆ, ಖೇಂಚ್‌ಶೋ ನಹೀಂ’. ನನಗೆ ಪಾರ್ಕಿನ್ಸನ್ ಇದೆ, ಎಳೆಯಬೇಡಿ ಎಂದರ್ಥ. ಸಹಾಯಕ್ಕೆ ಓಡಿ ಬರುವ ಜನ ಇಲ್ಲಿ ಬಹಳ, ಬಂದವರು ಮೊದಲು ಮಾಡುವುದೇ ಕೈ ಹಿಡಿದು ಎಳೆಯುವುದು.

2010ರ ಮೇ ತಿಂಗಳ ಬಿಸಿಗಾಳಿಯ ಸಾವುಗಳ ನಂತರ ಅಹಮದಾಬಾದ್ ನಗರಪಾಲಿಕೆ 2013ರಲ್ಲಿ ಬಿಸಿಲಿನ ಎಚ್ಚರಿಕೆಯ ಯೋಜನೆ ತಂದಿತು. ಎಚ್ಚರಿಕೆ ಹೊರಟ ದಿನ ಇವರು ಹೊರಗೆ ಕಾಲಿಡಬಾರದು. ನೀರು ಕಡಿಮೆಯಾದರೆ ರಕ್ತದೊತ್ತಡ ಇನ್ನೂ ಇಳಿಯುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಮಲಬದ್ಧತೆಯಿಂದ ಮಾತ್ರೆ ಹಿಡಿಯುವುದೂ ತಡವಾಗುತ್ತದೆ.

ಉತ್ತರಾಯಣ, ನವರಾತ್ರಿ

ಜನವರಿ 14ರಂದು ಊರಿಗೆ ಊರೇ ತಾರಸಿಯ ಮೇಲಿರುತ್ತದೆ. ಪಾರ್ಕಿನ್ಸನ್ ಇರುವವರನ್ನು ಗಾಳಿಪಟ ನೋಡಲು ತಾರಸಿಯಲ್ಲಿ ನಿಲ್ಲಿಸಬೇಡಿ. ತಲೆ ಎತ್ತಿ ಆಕಾಶ ನೋಡಿದಾಗ ಮೈಭಾರ ಹಿಂದಕ್ಕೆ ಜಾರುತ್ತದೆ. ಆರೋಗ್ಯವಂತರು ಒಂದು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಇವರಿಗೆ ಆ ಹೆಜ್ಜೆ ಬರುವುದಿಲ್ಲ, ಅಥವಾ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಮರದ ಕೊರಡಿನಂತೆ ತಲೆಯ ಹಿಂಭಾಗ ಬಡಿಯುವ ಹಾಗೆ ಬೀಳುತ್ತಾರೆ. ಕಾಲ ಕೆಳಗೆ ಮಾಂಜಾದ ಎಳೆಗಳೂ ಇರುತ್ತವೆ. ಹಬ್ಬದಿಂದ ದೂರ ಇಡಬೇಕೆಂದಿಲ್ಲ: ಗೋಡೆಗೆ ಬೆನ್ನು ತಾಗುವಂತೆ ಕೈಗಳಿರುವ ಕುರ್ಚಿ ಹಾಕಿ ಕೂರಿಸಿ, ಏಳುವಾಗ ಒಬ್ಬರು ಪಕ್ಕದಲ್ಲಿರಿ.

ನವರಾತ್ರಿಯ ಗರ್ಬಾ ತಾಳ ಇವರಿಗೆ ಔಷಧಿಯಂತೆ ಒದಗಬಲ್ಲದು, ಆದರೆ ಮೈದಾನದ ಸುತ್ತಿನಲ್ಲಿ ಅಲ್ಲ. ಅಲ್ಲಿ ನೂಕುನುಗ್ಗಲು, ಗಳಿಗೆಗೊಂದು ತಿರುವು. ಮನೆಯ ಹಜಾರದಲ್ಲಿ ನಿಧಾನ ಗತಿಯ ಗರ್ಬಾ ಹಾಕಿ, ಚಪ್ಪಾಳೆಗೊಂದು ಹೆಜ್ಜೆಯಂತೆ ನೇರ ಸಾಲಿನಲ್ಲಿ ನಡೆಸಿ. ನಿಲ್ಲಲಾಗದವರು ಕುಳಿತೇ ಚಪ್ಪಾಳೆ ತಟ್ಟಲಿ, ಕಾಲು ಎತ್ತಿ ಇಡಲಿ. ಅವರನ್ನು ಒಂದು ಮೂಲೆಯಲ್ಲಿ ಬಿಟ್ಟು ಮನೆಯವರೆಲ್ಲ ಹೊರಟುಹೋಗುವುದು ಆಗದ ಮಾತು. ಮೈಯ ಜೊತೆ ಮನಸ್ಸೂ ಕುಗ್ಗಬಹುದಾದ ಕಾಯಿಲೆ ಇದು.

ಬಿದ್ದರೆ

ತಕ್ಷಣ ಎತ್ತಬೇಡಿ. ಎಲ್ಲಿ ನೋವು ಎಂದು ಕೇಳಿ. ತೊಡೆಸಂದಿಯಲ್ಲಿ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ನಿಲ್ಲಿಸಲೇಬಾರದು, 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಮೇಲ್ನೋಟಕ್ಕೆ ಏನೂ ಇಲ್ಲದಿದ್ದರೂ ಆಸ್ಪತ್ರೆಗೆ ಒಯ್ಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಮಾತ್ರೆಯಾಗಿ ಎಷ್ಟು ಹೊತ್ತಾಗಿತ್ತು, ಏನು ಮಾಡುತ್ತಿದ್ದರು ಎಂದು ಬರೆದಿಡಿ. ವೈದ್ಯರಿಗೆ ಇದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿಲ್ಲ.

ನಿನ್ನೆಯವರೆಗೆ ನಡೆಯುತ್ತಿದ್ದವರು ಇವತ್ತು ಏಳಲಾರದಾದರೆ ಕಾಯಿಲೆ ಒಂದೇ ರಾತ್ರಿ ಹೆಚ್ಚಿತೆಂದು ತಿಳಿಯಬೇಡಿ. ಮೂತ್ರದ ಸೋಂಕು, ಕಫ, ಜ್ವರ, ನೀರಿನ ಕೊರತೆ, ಹೊಸ ಮಾತ್ರೆ, ಇವನ್ನು ಮೊದಲು ನೋಡಿಸಿ. ಕಾಯಿಲೆ ಶುರುವಾದ ಮೊದಲ ವರ್ಷದಲ್ಲೇ ಪದೇ ಪದೇ ಬೀಳುತ್ತಿದ್ದರೆ, ಕಣ್ಣು ಕೆಳಗಿಳಿಸಲು ಕಷ್ಟವಾದರೆ, ನಡಿಗೆಯ ಜೊತೆಗೆ ಮೂತ್ರ ತಡೆಯಲಾಗದೆ ಮರೆವೂ ಬಂದರೆ ಅದು ಪಾರ್ಕಿನ್ಸನ್ ಅಲ್ಲದೆ ಬೇರೆ ಇರಬಹುದು. ಮಿದುಳಿನಲ್ಲಿ ನೀರು ತುಂಬಿ ನಡಿಗೆ, ಮೂತ್ರ, ಮರೆವಿನ ತೊಂದರೆ ಒಟ್ಟಿಗೆ ತರುವ ಒಂದು ಕಾಯಿಲೆಗೆ ಶಸ್ತ್ರಚಿಕಿತ್ಸೆಯೂ ಇದೆ. ಮತ್ತೆ ತಪಾಸಣೆ ಮಾಡಿಸಿ.

ಕೊನೆಯದಾಗಿ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರು ಹೇಳಿಯೇ ಸೇರಿದೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚೆಂದು ವೈದ್ಯರು ಪ್ರಮಾಣೀಕರಿಸಿದರೆ ಸರ್ಕಾರಿ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡು ಗುಜರಾತಿನಲ್ಲಿ ಮಾಡಿಸಿದರೂ ಕರ್ನಾಟಕದಲ್ಲಿ ನಡೆಯುತ್ತದೆ. ನಾಚಿಕೆಯಿಂದ ಇದನ್ನು ಬಿಟ್ಟವರು ಬಹಳ ಜನ. ನೀವು ಬಿಡಬೇಡಿ, ಅರ್ಜಿ ಹಾಕಿ.